ಎಲ್ರಾಯ್ ಪ್ಲಿಸ್ಕಾನ ನಾಲಿಗೆ

ವಿಸ್ಕಾನ್ಸಿನ್ನಿನ ಪಾಪ್ಲರ್ ಫಾಲ್ಸ್ ಊರಲ್ಲಿ ಎಲ್ರಾಯ್ ಪ್ಲಿಸ್ಕಾನಿಗೆ ಆಸ್ತಿ ಇರಲಿಲ್ಲ, ಓದು ಇರಲಿಲ್ಲ, ಮುಖ ನೋಡಿದರೆ ಅಂಥ ಚೆಲುವನೂ ಅಲ್ಲ. ಅವನಿಗಿದ್ದದ್ದು ಒಂದು ನಾಲಿಗೆ. ಅಗ್ಗದ ಬಿಯರೆಲ್ಲ ಒಂದೇ, ಬರೀ ಹಳದಿ ನೀರು ಎಂದು ಮೂಗು ಮುರಿಯುವವರು ಬೇಸಿಗೆಯಲ್ಲಿ ದೊಡ್ಡ ಊರುಗಳಿಂದ ಬರುತ್ತಾರಲ್ಲ, ಕಿತ್ತಳೆ ಸಿಪ್ಪೆ ಹಾಕಿದ ಬಿಯರಿಗೆ ಒಂಬತ್ತು ಡಾಲರ್ ಸುರಿಯುವ ಮಹಾನುಭಾವರು, ಅವರು ಎಲ್ರಾಯ್ ಎದುರಿಗೆ ಬಾಯಿ ಬಿಟ್ಟರೆ ಮುಗಿಯಿತು.

"ಒಂದೇನಾ? ಅವಳಿ ಮಕ್ಕಳನ್ನ ಹೆತ್ತ ತಾಯೀನ ಕೇಳು ಹೋಗು, ಇಬ್ಬರೂ ಒಂದೇನಾ ಅಂತ!"

ಆಮೇಲೆ ಒಂದೊಂದೇ ಬಿಯರಿನ ಹೆಸರು ಹಿಡಿದು ಶುರು ಹಚ್ಚಿಕೊಳ್ಳುತ್ತಿದ್ದ. ಹ್ಯಾಮ್ಸ್ ಗಂಟಲಿಳಿದ ಮೇಲೆ ಒಂಚೂರು ಸಿಹಿ ಬಿಟ್ಟುಹೋಗುತ್ತದಂತೆ. ಓಲ್ಡ್ ಸ್ಟೈಲಿಗೆ ಬ್ರೆಡ್ಡಿನ ಅಂಚಿನ ವಾಸನೆ. ಪಾಬ್ಸ್ಟ್ ನಾಲಿಗೆಯ ಪಕ್ಕಕ್ಕೆ ಚುರುಕ್ ಅನ್ನುತ್ತದೆ. ಬುಷ್‌ನಲ್ಲಿ ಮೆಕ್ಕೆಜೋಳ ಮೊದಲು ಮಾತಾಡಿಸುತ್ತದೆ. ಹೈ ಲೈಫಿನ ಗುಳ್ಳೆ ಬಾಯಿಗಿಂತ ಮೊದಲು ಮೂಗಿಗೇ ಏರುತ್ತದೆ. ಇದೆಲ್ಲ ಹೇಳಿ ಕೊನೆಗೆ ದನಿ ತಗ್ಗಿಸಿ, "ಇವೆಲ್ಲ ಒಂದು ಕಡೆ, ನಮ್ಮ ರಿವರ್‌ಬೆಲ್ ಇನ್ನೊಂದು ಕಡೆ" ಅನ್ನುತ್ತಿದ್ದ. ಅನ್ನದೆ ಏನು! ಊರಿನ ರಿವರ್‌ಬೆಲ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಡಬ್ಬಿ ತುಂಬುವ ಯಂತ್ರದ ಮುಂದೆ ನಿಂತವನು ಅವನು. ಕಾರ್ಖಾನೆ ಮುಚ್ಚಿತು, ಹೆಸರನ್ನು ಯಾರೋ ಕೊಂಡರು, ಬಿಯರನ್ನು ಈಗ ಎಲ್ಲೋ ದೂರದಲ್ಲಿ ಅಷ್ಟಿಷ್ಟು ಮಾಡುತ್ತಾರೆ. ಪಾಪ್ಲರ್ ಫಾಲ್ಸಿನ ಅಂಗಡಿಗಳಿಗೆ ಅದು ಬರದೆ ಆರು ವರ್ಷವಾಗಿತ್ತು.

ಫೆಬ್ರವರಿಯ ಕೊನೆಗೆ, ಮೀನು ಹಿಡಿಯುವ ಗುಡಿಸಲುಗಳನ್ನು ಹೆಪ್ಪುಗಟ್ಟಿದ ಸರೋವರದ ಮೇಲಿಂದ ದಡಕ್ಕೆ ಎಳೆದು ತಂದ ಭಾನುವಾರ ಮಧ್ಯಾಹ್ನ, ಡೊರೀನಳ ಬಾರಿನಲ್ಲಿ ಒಂದು ಪಂದ್ಯ ನಡೆಯುತ್ತದೆ. ಐದು ಡಬ್ಬಿ, ಐದು ಸಣ್ಣ ಲೋಟ. ಬೇಟೆಗೆ ಹಾಕುವ ಕಿತ್ತಳೆ ಬಣ್ಣದ ಉಣ್ಣೆ ಟೋಪಿಯನ್ನು ಗಲ್ಲದವರೆಗೆ ಎಳೆದುಕೊಂಡು, ಕುಡಿದು, ಯಾವುದು ಯಾವುದೆಂದು ಹೇಳಬೇಕು. ಹಿಂದಿನ ವರ್ಷ ಗೆದ್ದವನದೇ ಮೊದಲ ಸರದಿ. ಅವನು ತಪ್ಪಿದರೆ ಮಾತ್ರ ಉಳಿದವರಿಗೆ ಅವಕಾಶ. ಡಬ್ಬಿಯಲ್ಲಿ ಉಳಿದದ್ದು ನೋಡುವವರ ಪಾಲು. ಗೆದ್ದವನು ಐದೂ ಖಾಲಿ ಡಬ್ಬಿಗಳನ್ನು ಬೂಟುಗಾಲಲ್ಲಿ ತುಳಿದು ಚಪ್ಪಟೆ ಮಾಡಿ, ಅಗ್ನಿಶಾಮಕ ದಳದವರು ಚಂದಾಕ್ಕಾಗಿ ಹಳೇ ಅಲ್ಯೂಮಿನಿಯಂ ಕೂಡಿಸುವ ಚೀಲಕ್ಕೆ ಹಾಕಬೇಕು. ಹತ್ತೊಂಬತ್ತು ವರ್ಷದಿಂದ ಡಬ್ಬಿ ತುಳಿದವನು ಎಲ್ರಾಯ್ ಒಬ್ಬನೇ. ಬೇರೆ ಯಾರಿಗೂ ಸರದಿ ಬಂದಿದ್ದೇ ಇಲ್ಲ.

ಹೋದ ವರ್ಷದ ಪಂದ್ಯ ಮುಗಿದ ತಿಂಗಳಿಗೆ ಅವನ ಗಂಟಲಲ್ಲಿ ಗಂಟು ಕಾಣಿಸಿತು. ಮೂವತ್ತೈದು ದಿನ ವಿಕಿರಣ ಚಿಕಿತ್ಸೆ. ಗಂಟು ಹೋಯಿತು, ಜೊತೆಗೆ ರುಚಿಯೂ ಹೋಯಿತು. "ಬಂದರೂ ಬರಬಹುದು, ಒಂದು ವರ್ಷ ಕಾಯೋಣ" ಎಂದರು ಡಾಕ್ಟರು. ಕಾದ. ಸಾಸೇಜು ತಿಂದರೆ ಒದ್ದೆ ರಟ್ಟು, ಕಾಫಿ ಕುಡಿದರೆ ಬಿಸಿ ನೀರು, ಬಿಯರಂತೂ ಬರೀ ತಣ್ಣಗೆ. ಯಾರಿಗೂ ಹೇಳಲಿಲ್ಲ. ಹೆಂಡತಿ ಮಾರ್ಲಿಸ್‌ಗೂ ಹೇಳಿರಲಿಲ್ಲ; ಒಂದು ಬೆಳಿಗ್ಗೆ ಒಡೆದ ಹಾಲನ್ನು ಅವನು ಗಟಗಟ ಕುಡಿದು ಬಾಯಿ ಒರೆಸಿಕೊಂಡದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಆವತ್ತು ಅವಳು ಅತ್ತಳು, ಅವನು ಸಿಡುಕಿದ, ಅಷ್ಟಕ್ಕೇ ಮುಗಿಯಿತು.

ಪಂದ್ಯದ ದಿನ ಟ್ರಕ್ಕಿನ ಗಾಜಿಗೆ ಅಂಟಿದ ಮಂಜನ್ನು ಅವನು ಕೆರೆಯುತ್ತಿರುವಾಗ ಮಾರ್ಲಿಸ್ ಕೇಳಿದಳು:

"ಹೇಳಿಬಿಡು ಮಾರಾಯ ಅವರಿಗೆ. ಬಚ್‌ಗಾದರೂ ಹೇಳು. ನಿನ್ನ ಪಕ್ಕದಲ್ಲೇ ಮೂವತ್ತು ವರ್ಷ ದುಡಿದೋನು, ಅವನೇನು ನಗ್ತಾನಾ?"

"ನಕ್ಕರೆ ಪರವಾಗಿಲ್ಲ ಕಣೇ. ಅಯ್ಯೋ ಪಾಪ ಅಂತಾರಲ್ಲ, ಅದು ಬೇಡ."

"ಮತ್ತೆ ಹೋಗಲೇಬೇಡ. ಮಂಡಿ ನೋವು ಅನ್ನು."

"ಆ ಬಾರಲ್ಲಿ ಕೂತ್ಕೊಳ್ಳೋಕೆ ನನಗೆ ಇನ್ನೇನಿದೆ ಹೇಳು? ನಾಲಿಗೆ ಹೋದ ಮೇಲೆ ನಾನು ಬರೀ ಕೆಮ್ಮೋ ಮುದುಕ." ಕೆರೆಯುವುದನ್ನು ನಿಲ್ಲಿಸದೆ ಹೇಳಿದ. ಅವಳು ಟ್ರಕ್ಕು ಹತ್ತಿದಳು.

ಬಾರಿನೊಳಗೆ ಕಾಲಿಟ್ಟರೆ ಗಲಾಟೆಯೋ ಗಲಾಟೆ. ಚಿಕಿತ್ಸೆಯಾದ ಮೇಲೆ ಅವನು ಜನರ ನಡುವೆ ಬಂದದ್ದೇ ಅಪರೂಪ; ಬೆನ್ನು ತಟ್ಟುವವರೆಷ್ಟು, ಟೋಪಿ ಎಳೆಯುವವರೆಷ್ಟು. ಬಚ್ ಜೀಲ್ಕೆ, ಕಾರ್ಖಾನೆಯಲ್ಲಿ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದವನು, ಆರಡಿ ಮೂರಂಗುಲದ ಆಳು, ಹಲ್ಲು ಕಿರಿಯುತ್ತಾ ಬಂದ.

"ಏನೋ ಬಡಕಲಾ! ಗಾಳಿ ಬಂದರೆ ಹಾರಿ ಹೋಗ್ತೀಯ. ನಾಲಿಗೆ ಆದರೂ ನೆಟ್ಟಗಿದೆಯೋ, ಅದನ್ನೂ ಆಸ್ಪತ್ರೇಲಿ ಬಿಟ್ಟು ಬಂದ್ಯೋ?"

ಇವನಿಗೆ ಗೊತ್ತಾಗಿಬಿಟ್ಟಿದೆಯೇನೋ ಅನ್ನಿಸಿತು ಎಲ್ರಾಯ್‌ಗೆ. ಆದರೆ ಬಚ್ ಸುಮ್ಮನೆ ಬಾಯಿಗೆ ಬಂದದ್ದು ಆಡಿದ್ದ, ಅಷ್ಟೆ.

"ನಿನ್ನ ಬಾಯಿಗಿಂತ ನೆಟ್ಟಗಿದೆ ಬಿಡೋ," ಅಂದ ಎಲ್ರಾಯ್. ಎಲ್ಲರೂ ಹೋ ಎಂದರು.

ಅವನು ಉಪಾಯ ಮಾಡಿಕೊಂಡೇ ಬಂದಿದ್ದ, ಅದನ್ನೂ ಹೇಳಿಬಿಡೋಣ. ಡೊರೀನ್ ಪಂದ್ಯದ ಐದು ಡಬ್ಬಿಗಳನ್ನು ಶೌಚಾಲಯಕ್ಕೆ ಹೋಗುವ ಓಣಿಯ ಫ್ರಿಜ್ಜಿನಲ್ಲಿ, ಮೇಲಿನ ಅಡ್ಡಹಲಗೆಯ ಮೇಲೆ, ಸಾಲಾಗಿ ಇಟ್ಟಿರುತ್ತಾಳೆ. ಎಡದಿಂದ ಬಲಕ್ಕೆ ಹೇಗಿರುತ್ತವೋ ಹಾಗೇ ಸುರಿಯುತ್ತಾಳೆ, ಒಂದು ವರ್ಷವೂ ಬದಲಾಯಿಸಿದವಳಲ್ಲ. ಎಲ್ರಾಯ್‌ಗೆ ಇದು ಹತ್ತೊಂಬತ್ತು ವರ್ಷದಿಂದ ಗೊತ್ತು. ಹತ್ತೊಂಬತ್ತು ವರ್ಷವೂ ಆ ಓಣಿಯಲ್ಲಿ ಗೋಡೆ ಕಡೆ ಮುಖ ಮಾಡಿಕೊಂಡು ನಡೆದಿದ್ದ. ಈ ಸಲ ಫ್ರಿಜ್ಜಿನ ಗಾಜಿನ ಮುಂದೆ ನಿಂತ. ಹ್ಯಾಮ್ಸ್, ಓಲ್ಡ್ ಸ್ಟೈಲ್, ಪಾಬ್ಸ್ಟ್, ಬುಷ್, ಹೈ ಲೈಫ್. ಎರಡು ಸಲ ಬಾಯಲ್ಲೇ ಹೇಳಿಕೊಂಡ. ಕಳ್ಳತನ ಮಾಡಿದವನ ಹಾಗೆ ಕಿವಿ ಬಿಸಿಯಾಯಿತು.

ಬಚ್ಚೇ ಬಂದು ಟೋಪಿಯನ್ನು ಅವನ ಗಲ್ಲದವರೆಗೆ ಎಳೆದ. ಕತ್ತಲೆ, ಉಣ್ಣೆಯ ಬಿಸುಪು. ಡಬ್ಬಿ ತೆರೆದ ಸದ್ದು ಬಂತು, ಟಪ್, ಟಪ್, ಐದು ಸಲ. ಕೈಗೆ ಮೊದಲ ಲೋಟ ಬಂತು. ಟೋಪಿಯ ಅಂಚೆತ್ತಿ ಕುಡಿದ. ತಣ್ಣಗೆ ಇಳಿಯಿತು, ಅಷ್ಟೆ, ಇನ್ನೇನೂ ಇಲ್ಲ. ಹಳೇ ಅಭ್ಯಾಸದಂತೆ ನಾಲಿಗೆ ಚಪ್ಪರಿಸಿದ.

"ಹ್ಯಾಮ್ಸ್. ಬಾಗಿಲು ತಟ್ಟದೇ ಒಳಗೆ ಬಂದು ಸಿಹಿ ಇಟ್ಟು ಹೋಯ್ತು, ಕಳ್ಳ."

ಯಾರೋ ಕಿಸಕ್ಕೆಂದರು. "ನಾಟಕ ನೋಡ್ರೋ ಇವನದು!" ಎಂದ ಬಚ್. ಸುತ್ತಲೂ ನಗು. ಎಲ್ರಾಯ್‌ಗೆ ಧೈರ್ಯ ಬಂತು.

ಎರಡನೆಯದು. "ಓಲ್ಡ್ ಸ್ಟೈಲ್. ಬ್ರೆಡ್ಡಿನ ಅಂಚು ಕಣ್ರೋ, ನಮ್ಮಜ್ಜಿ ಸುಟ್ಟ ಬ್ರೆಡ್ಡಿನದು."

ಈ ಸಲ ನಗು ಕಡಿಮೆ ಬಂತು. ಬೆರಗಾಗಿದ್ದಾರೆ ಅಂದುಕೊಂಡ. ಮೂರನೆಯದಕ್ಕೆ ಪಾಬ್ಸ್ಟ್ ಎಂದಾಗ ನಗುವೇ ಇಲ್ಲ. ದೂರದಲ್ಲಿ ಮಾರ್ಲಿಸ್ ತನ್ನ ಬ್ರಾಂಡಿ ಲೋಟವನ್ನು ಮೇಜಿನ ಮೇಲಿಟ್ಟ ಸದ್ದೂ ಕೇಳಿಸುವಷ್ಟು ಮೌನ. ನಾಲ್ಕನೆಯದನ್ನು ಬಾಯಲ್ಲಿ ತಿರುಗಿಸಿ ತಿರುಗಿಸಿ ನುಂಗಿದ. ಜನ ಸುಮ್ಮನಾದಷ್ಟೂ ಇವನಿಗೆ ಹುರುಪು.

"ಬುಷ್. ಕುಡಿಯೋಕೆ ಮೋಸ ಇಲ್ಲ, ಬೇಸಿಗೇಲಿ ಹುಲ್ಲು ಕತ್ತರಿಸಿ ಬಂದ ಮೇಲೆ ನಾನೂ ಕುಡೀತೀನಿ. ಆದರೆ ಒಂದು ಮಾತು ಹೇಳ್ತೀನಿ, ಇದಕ್ಕೆ ನಮ್ಮ ಕೈ ಸೋಕಿಲ್ಲ. ಕಣ್ಣು ಕಟ್ಟಿದರೂ ಗೊತ್ತಾಗುತ್ತೆ ಅದು. ನಮ್ಮ ರಿವರ್‌ಬೆಲ್ಲಿನ ಕಾಲ ಧೂಳಿಗೂ ಸಮ ಅಲ್ಲ ಇದು. ಹೌದೇನೋ ಬಚ್?"

ಯಾರೋ ಕುರ್ಚಿ ಹಿಂದಕ್ಕೆ ಸರಿಸಿದರು. ಎಲ್ರಾಯ್ ಐದನೆಯ ಲೋಟ ಎತ್ತಿ, ಬರಿದು ಮಾಡಿ, ಹೈ ಲೈಫ್ ಎಂದು ಕೂಗಿ ಟೋಪಿ ಕಿತ್ತೆಸೆದ.

ಮೊದಲು ಕಣ್ಣಿಗೆ ಬಿದ್ದದ್ದು ಡೊರೀನ್. ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಐದಕ್ಕೆ ಐದು," ಅಂದಳು. "ಸರಿ ಇದೆ. ಐದೂ ಸರಿ ಇದೆ."

ಚಪ್ಪಾಳೆ ಬಿತ್ತು. ಎಲ್ಲರೂ ತಟ್ಟಿದರು, ಯಾರೂ ಇವನ ಮುಖ ನೋಡಲಿಲ್ಲ. ಬಚ್ ಕಿಟಕಿಯ ಕಡೆ ತಿರುಗಿ ಮೂಗು ಸೀಟಿಕೊಳ್ಳುತ್ತಿದ್ದ. ಈ ಸಲವೂ ಸರದಿ ಸಿಗದ ಹೊಟ್ಟೆಯುರಿ ಅಂದುಕೊಂಡ ಎಲ್ರಾಯ್. ಅವನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಇನ್ನೊಂದು ವರ್ಷ ಗೆದ್ದ ಹಾಗೆ. ವರ್ಷದೊಳಗೆ ರುಚಿ ಬಂದರೂ ಬರಬಹುದಲ್ಲ!

"ಎಲ್ಲಿ ನನ್ನ ಡಬ್ಬಿಗಳು?" ಎಂದು ಎದ್ದ.

"ಈ ಸಲ ಬೇಡ ಬಿಡು," ಡೊರೀನ್ ಅಡ್ಡ ಬಂದಳು. "ಮೈ ಇನ್ನೂ ಸರಿಯಾಗಿಲ್ಲ ನಿನಗೆ. ನಾನೇ ತುಳಿದು ಹಾಕ್ತೀನಿ."

"ಗೆದ್ದೋನು ನಾನು, ತುಳಿಯೋಳು ನೀನಾ? ಚೆನ್ನಾಗಿದೆ ಕಣಮ್ಮ!"

"ಎಲ್ರಾಯ್, ಬೇಡ, ಹೇಳಿದ ಮಾತು ಕೇಳು..."

ಅವನು ಆಗಲೇ ಡೊರೀನ್ ಬಿಯರ್ ಸುರಿಯುವ ಕಟ್ಟೆಯ ಹಿಂದೆ ಹೋಗಿದ್ದ. ಪ್ಲಾಸ್ಟಿಕ್ ಬುಟ್ಟಿಯನ್ನು ಎಳೆದುಕೊಂಡು ಬಗ್ಗಿದ. ಒಳಗೆ ಐದು ಡಬ್ಬಿ ಇದ್ದವು. ಐದರ ಮೇಲೂ ನೀಲಿ ಹೊಳೆ, ಹೊಳೆಯ ಮೇಲೆ ಹಳದಿ ಗಂಟೆ. ಆ ಗಂಟೆಯನ್ನು ಅವನು ಪಾಳಿಗೆ ಸಾವಿರಾರು ಸಲದಂತೆ ಮೂವತ್ತೊಂದು ವರ್ಷ ನೋಡಿದ್ದ. ಐದೂ ರಿವರ್‌ಬೆಲ್.

ಬಗ್ಗಿದವನು ಬಗ್ಗಿದಂತೆಯೇ ಇದ್ದ. ಕೊನೆಗೆ ಬಚ್ ಹತ್ತಿರ ಬಂದ. ಅಷ್ಟು ದೊಡ್ಡ ಆಳು, ಕೈ ಎಲ್ಲಿಡಬೇಕೆಂದೇ ತಿಳಿಯದೆ ಜೇಬಿಗೆ ಹಾಕಿ ತೆಗೆದ.

"ಮಿಶಿಗನ್ ಗಡಿಯಾಚೆ ಒಂದು ಅಂಗಡೀಲಿ ಸಿಕ್ತು ಕಣೋ. ಎರಡು ಗಂಟೆ ದಾರಿ. ಅಂಗಡಿಯೋನ ಹತ್ರ ಇದ್ದದ್ದೇ ಒಂದು ಡಜನ್. ನೀನು ಹುಷಾರಾಗಿ ಬರ್ತಿದ್ದೀಯಲ್ಲ, ಅದಕ್ಕೇ... ಫ್ರಿಜ್ಜಲ್ಲಿರೋದನ್ನ ಮುಟ್ಟದೆ ಐದೂ ಲೋಟಕ್ಕೂ ಅದನ್ನೇ ಸುರಿಯೋಣ ಅಂತ. ಮೊದಲನೇ ಗುಟುಕಿಗೇ ನಮ್ಮನ್ನೆಲ್ಲ ಬೈದು ಟೋಪಿ ಎಸೀತೀಯ, ಆಮೇಲೆ ಕೂತು ಎಲ್ಲಾ ಕುಡಿಯೋಣ ಅಂದ್ಕೊಂಡಿದ್ವಿ."

ಎಲ್ರಾಯ್ ಬುಟ್ಟಿಯ ಅಂಚು ಹಿಡಿದುಕೊಂಡು ಬೆನ್ನು ನೆಟ್ಟಗೆ ಮಾಡಿದ.

"ಈಗ ಬೇರೆ ಕಡೆ ಮಾಡ್ತಾರಲ್ಲೋ," ಬಚ್ ಅವಸರ ಅವಸರವಾಗಿ ಹೇಳಿದ. "ನೀರು ಬೇರೆ. ನೀನೇ ಅಂತಿದ್ದೆ, ನೀರು ಬೇರೆಯಾದ್ರೆ ಮುಗೀತು ಅಂತ. ಯಾರಿಗೆ ಗೊತ್ತಾಗುತ್ತೆ? ಯಾರಿಗೂ ಗೊತ್ತಾಗಲ್ಲ. ಅಲ್ವೇನ್ರೋ?"

ಹೌದು ಹೌದು ಎಂದು ನಾಲ್ಕಾರು ಜನ ತಲೆಯಾಡಿಸಿದರು. ಹೂಂ ಅಂದರೆ ಸಾಕಿತ್ತು, ಮಾನ ಉಳಿಯುತ್ತಿತ್ತು. ಎಲ್ರಾಯ್ ಮಾರ್ಲಿಸ್ ಕಡೆ ನೋಡಿದ. ಅವಳು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದಳು.

"ನೀರಲ್ಲ ಬಚ್," ಅಂದ. "ಒಡೆದ ಹಾಲು ಕುಡಿದರೂ ಗೊತ್ತಾಗಲ್ಲ ನನಗೆ. ವರ್ಷ ಆಗ್ತಾ ಬಂತು. ಇವತ್ತು ಫ್ರಿಜ್ಜು ನೋಡಿ ಹೇಳಿದೆ."

ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಏನು ಅನ್ನಬೇಕೆಂದು ಯಾರಿಗೂ ತೋಚಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಎಲ್ರಾಯ್ ಡಬ್ಬಿಗಳನ್ನು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ನಿಲ್ಲಿಸಿದ. ಕೊನೆಯದರ ತಳದಲ್ಲಿ ಒಂದಿಷ್ಟು ಉಳಿದು ಗುಳುಗುಳು ಅಂದಿತು. ಅದನ್ನು ಎತ್ತಿ ಬಚ್‌ನ ಕೈಗೆ ಕೊಟ್ಟ.

"ಕುಡಿ."

"ಬೇಡ ಕಣೋ..."

"ಕುಡಿದು ಹೇಳು ನನಗೆ. ಹೆಂಗಿದೆ ಅಂತ ಹೇಳು. ಮೊದಲಿನ ಥರ ಇದೆಯಾ?"

ಬಚ್ ತಲೆಯೆತ್ತಿ ಕುಡಿದ. ಬಾಯಲ್ಲಿ ತುಂಬ ಹೊತ್ತು ಇಟ್ಟುಕೊಂಡ, ಎಲ್ರಾಯ್ ಮಾಡುವ ಹಾಗೆಯೇ ಆ ಕಡೆ ಈ ಕಡೆ ತಿರುಗಿಸಿದ, ಕಣ್ಣು ಮುಚ್ಚಿಕೊಂಡ. ಎಲ್ರಾಯ್ ಅವನ ಬಾಯನ್ನೇ ನೋಡುತ್ತಾ ನಿಂತಿದ್ದ. ಬಚ್ ನುಂಗಿದ. ತುಟಿ ಅಲುಗಾಡಿತು, ಮಾತು ಹುಡುಕಿತು, ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು.

"ಬಿಯರ್ ಥರ ಇದೆ ಕಣೋ ಎಲ್ರಾಯ್," ಅಂದ. "ಬಿಯರ್ ಥರಾನೇ ಇದೆ."

ಎಲ್ರಾಯ್ ಆ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು, ಉಳಿದ ನಾಲ್ಕರ ಪಕ್ಕ ಇಟ್ಟು, ಬೂಟುಗಾಲೆತ್ತಿದ.