ಅಳತೆಗೆ ನಿಂತವರು

ಉಚ್ಚೆಂಗೆಪ್ಪನನ್ನು ನಾನು ಮೊದಲು ಕಂಡದ್ದು ಹಂಪಿಯಲ್ಲಿ, ಐದು ವರ್ಷದ ಹಿಂದೆ, ಮಾಘಮಾಸದ ಒಂದು ಬೆಳಿಗ್ಗೆ. ನಿವೃತ್ತನಾದ ಮೇಲೆ ತಿಂಗಳಿಗೊಮ್ಮೆ ಹೊಸಪೇಟೆಯಲ್ಲಿ ಬಸ್ಸು ಹತ್ತಿ, ನದಿಯ ದಂಡೆ ಹಿಡಿದು ವಿಠ್ಠಲ ದೇವಸ್ಥಾನದವರೆಗೆ ನಡೆದು ಬರುವುದು ನನ್ನ ಅಭ್ಯಾಸ. ಆ ದಿನ ಹಾದಿಯ ಪಕ್ಕದಲ್ಲಿ, ಬಂಡೆಯ ಬಿರುಕಿನಿಂದ ಎದ್ದು ಹಗ್ಗದಂತೆ ಹೊಸೆದುಕೊಂಡಿದ್ದ ಒಂದು ಮುದಿ ಹುಣಸೆಮರದ ಮುಂದೆ, ಗಿಡ್ಡನೆಯ ಮನುಷ್ಯನೊಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ. ಮರಕ್ಕೆ ಒಂದು ಉದ್ದನೆಯ ಕೋಲನ್ನು ಒರಗಿಸಿದ್ದ. ಕೋಲಿಗೆ ಒಂದಡಿ ಕೆಂಪು, ಒಂದಡಿ ಬಿಳಿ ಬಣ್ಣ. ಅದು ಗಾಳಿಗೆ ಮತ್ತೆ ಮತ್ತೆ ಬೀಳುತ್ತಿತ್ತು.

"ಯಜಮಾನ್ರ, ಒಂಚೂರು ಈ ಕೋಲು ಹಿಡಕೊಂಡು ನಿಂದರ್ತೀರೇನ್ರಿ? ಅಳತಿಗೆ," ಎಂದ.

ನಿಂತೆ. ಚಿತ್ರವೆಂದ ಮೇಲೆ ಮುಖ ತಾನಾಗಿ ಅರಳಿತು.

"ನಗಬ್ಯಾಡ್ರಿ. ಫೋಟೋ ಮರದ್ದು, ನಿಮ್ಮದಲ್ಲ. ನಿಮ್ಮ ಎತ್ತರ ಎಷ್ಟ್ರಿ?"

"ಐದಡಿ ಆರಿಂಚು. ಈಗ ಅರ್ಧ ಇಂಚು ಕಮ್ಮಿ ಆಗಿರಬೇಕು."

"ವಯಸ್ಸಾದ ಮ್ಯಾಲೆ ಎಲ್ಲಾರೂ ಇಳೀತಾರ್ರಿ, ಡ್ಯಾಮಿನ ನೀರು ಇಳಿದಂಗ," ಎಂದು ಜೇಬಿನ ಪುಸ್ತಕ ತೆಗೆದು ನನ್ನ ಎತ್ತರವನ್ನು ಬರೆದುಕೊಂಡ.

ಆತ ಟಿ.ಬಿ. ಡ್ಯಾಮಿನಲ್ಲಿ ಮೂವತ್ತೈದು ವರ್ಷ ನೀರಿನ ಮಟ್ಟ ಬರೆಯುವ ಕೆಲಸ ಮಾಡಿದವನು. ಪ್ರತಿದಿನ ಬೆಳಿಗ್ಗೆ ಎಷ್ಟು ಅಡಿ ಎಂದು ನೋಡಿ ಬರೆಯಬೇಕು. ವರ್ಷಕ್ಕೊಮ್ಮೆ ಹೂಳು ಎಷ್ಟು ತುಂಬಿದೆ ಎಂದು ಅಳೆಯಲು ಬರುವ ಎಂಜಿನಿಯರರ ಹಿಂದೆ ಈ ಕೋಲು ಹೊತ್ತು ನಡೆಯಬೇಕು. ನಿವೃತ್ತಿಯ ದಿನ ಕಚೇರಿಯ ಗೆಳೆಯರು ಗೋಡೆಗಡಿಯಾರ ತರಲು ಹೊರಟಾಗ, "ಗಡಿಯಾರ ಬ್ಯಾಡ್ರಪಾ, ಹಳೇದಾದ್ರೂ ಅಡ್ಡಿ ಇಲ್ಲ, ಒಂದು ಕ್ಯಾಮೆರಾ ಕೊಡಸ್ರಿ," ಎಂದನಂತೆ. ಕೋಲನ್ನು ಮಾತ್ರ ಕೇಳಿ ಪಡೆದುಕೊಂಡು ಮನೆಗೆ ತಂದಿದ್ದ.

ಆಮೇಲೆ ನಾವಿಬ್ಬರೂ ಜೊತೆಯಾಗಿ ಬಹಳ ಅಲೆದೆವು. ಅವನ ಮೋಟಾರು ಸೈಕಲ್ಲಿನ ಹಿಂದೆ ಕೋಲು ಹಿಡಿದು ನಾನು. ಮುದಿ ಹುಣಸೆಮರಗಳನ್ನು ಬಿಟ್ಟು ಬೇರಾವ ಮರದ ಕಡೆಗೂ ಅವನು ಕ್ಯಾಮೆರಾ ತಿರುಗಿಸುತ್ತಿರಲಿಲ್ಲ. ಸಂಡೂರಿನಲ್ಲಿ ಅದಿರಿನ ಲಾರಿಗಳು ಓಡಾಡುವ ದಾರಿಯ ಬದಿಯ ಮರಗಳಿಗೆ ಎಲೆ, ಕಾಯಿ, ತೊಗಟೆ ಎಲ್ಲವೂ ಕೆಂಪು. ಅವನು ಒದ್ದೆ ಬಟ್ಟೆಯಿಂದ ಕೈ ಎಟುಕುವಷ್ಟು ಎತ್ತರಕ್ಕೆ ಬೊಡ್ಡೆಯನ್ನು ಒರೆಸಿದ. ದೂರ ಬಂದು ನೋಡಿದರೆ, ಒರೆಸಿದ ಕಪ್ಪು ಜಾಗ ಥೇಟು ಮರಕ್ಕೆ ಬೆನ್ನು ಕೊಟ್ಟು ನಿಂತ ಒಬ್ಬ ಹೆಂಗಸಿನಂತೆ ಕಾಣುತ್ತಿತ್ತು. ನಾನು ತೋರಿಸಿದೆ. ಅವನು ಚಿತ್ರ ತೆಗೆಯದೆ ಬಟ್ಟೆ ಮಡಚಿ ಗಾಡಿ ಹತ್ತಿದ.

ಕಂಪ್ಲಿಯ ಹತ್ತಿರ, ಮೆಟ್ರಿಯ ದಾರಿಯಲ್ಲಿ, ಹಳೆಯ ಕಾಲುವೆಯ ಏರಿಯ ಮೇಲೆ ಒಂದು ಮರ ಸಿಕ್ಕಿತು. ನಾನು ಮೂವತ್ತೊಂದು ವರ್ಷ ಕಂಪ್ಲಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು, ಅದರ ನೆರಳಲ್ಲಿ ಎಷ್ಟೋ ಸಲ ಕುಳಿತವನು. ಪಕ್ಕದ ಆಲಕ್ಕೆ, ಎಮ್ಮೆ ಈದಾಗ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ತೂಗಿಹಾಕಿದ ಗಂಟುಗಳು. ಅವು ಅಲುಗದೆ ಜೋತುಬಿದ್ದಿದ್ದವು. ಹುಣಸೆಯ ಬೊಡ್ಡೆ ಮಾತ್ರ ನೇರವಾಗಿ ಎದ್ದು, ಹದಿಮೂರಡಿಯ ಮೇಲೆ ಒಂದೇ ಒಂದು ದಪ್ಪ ಕೊಂಬೆಯನ್ನು ಮೊಣಕೈ ಮಡಚಿದಂತೆ ಚಾಚಿತ್ತು.

ಆ ಸಂಜೆ ಅದರ ಚಿತ್ರವನ್ನು ಅಚ್ಚುಹಾಕಿಸಿಕೊಂಡು, ಮೊದಲ ಸಲ ನನ್ನನ್ನು ಮನೆಗೆ ಕರೆದುಕೊಂಡು ಹೋದ. ಡ್ಯಾಂ ಕ್ಯಾಂಪಿನ ಆಚೆ ಎರಡು ಕೋಣೆಯ ಮನೆ. ಅವನ ತಾಯಿ ತಾಯಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಎಂಬತ್ತು ದಾಟಿದ ಜೀವ; ಕಣ್ಣು ಮಾತ್ರ ಚುರುಕು. ಮುಂದೆ ಅಚ್ಚುಹಾಕಿಸಿದ ಮರದ ಚಿತ್ರಗಳ ಎರಡು ರಾಶಿ.

"ಯವ್ವಾ, ಇದು ನೋಡು. ಹಿಂಗಿತ್ತೇನು?"

ಕಂಪ್ಲಿಯ ಚಿತ್ರವನ್ನು ಬಹಳ ಹೊತ್ತು ಹಿಡಿದಿದ್ದಳು. "ಹಿಂಗಾ ಇತ್ತು. ಆನಿ ಮ್ಯಾಲೆ ಕುಂತ್ರೂ ಟೊಂಗಿ ಕೈಗೆ ಸಿಗ್ತಿರಲಿಲ್ಲ. ಆದ್ರ ಇದಲ್ಲಲೇ. ನಮ್ಮದು ನೀರಾಗೈತಿ."

ಅಂದು ನನಗೆ ಕಥೆ ತಿಳಿಯಿತು. ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಒಂದು ಅವಳದು. ಆ ಊರಿನ ಹೆಸರನ್ನು ಅವಳು ಬಾಯಲ್ಲಿ ಹೇಳುವುದಿಲ್ಲ; ನಾನೂ ಕೇಳಿಲ್ಲ.

"ನಮ್ಮಕ್ಕ ಹುಲಿಗೆವ್ವ ಅಂತ. ನನಗ ಒಂಬತ್ತು, ಆಕಿಗೆ ಹದಿಮೂರು. ಹುಣಸಿ ಗಿಡದ ಬುಡಕ ಕುಂತು ಒಬ್ಬಾಕೀನ ಮಾತಾಡ್ತಿದ್ದಳ್ರಿ. ಯಾರ ಕೂಡ ಮಾತಾಡ್ತಿ ಅಂದ್ರ, 'ನಿನಗ ಕಾಣವಲ್ದೇನು?' ಅಂತಿದ್ದಳು. ನಾ ಹೋಗಿ ಅವ್ವಗ ಹೇಳಿದೆ. ಹೇಳಬಾರದಿತ್ತು."

ಗಾಳಿ ಹಿಡಿದಿದೆ ಎಂದು ಹಿರಿಯರು ತೀರ್ಮಾನಿಸಿದರು. ಬಿಡಿಸುವವನು ಬಂದ. ಹುಡುಗಿಯನ್ನು ಮರಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ, ನೆತ್ತಿಯ ಮೇಲಿನ ಕೂದಲನ್ನು ಬೊಡ್ಡೆಗೆ ಸೇರಿಸಿ, ಕಮ್ಮಾರ ಬಡಿದ ಮೊಳೆಯನ್ನು ಅದರ ಮೇಲೆ ಹೊಡೆದು, ಕೂದಲು ಕತ್ತರಿಸಿ ಅವಳನ್ನು ಬಿಡಿಸಿದ. ಗಾಳಿ ಮರದಲ್ಲಿ ಉಳಿಯಿತು ಎಂದ.

"ಅಲುಗಾಡಬಾರದಂತ ಜಡಿ ಹಿಡಕೊಂಡಾಕಿ ನಾನಾರಿ ಮೇಷ್ಟ್ರ," ಎಂದಳು ತಾಯಕ್ಕ, ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ. "ಅವತ್ತಿಂದ ಒಂದು ಮಾತಾಡಲಿಲ್ಲ. ಮರುವರ್ಷ ನೀರು ಬಂತು. ಮರಿಯಮ್ಮನಹಳ್ಳಿಗೆ ಬಂದ್ವಿ. ನಲವತ್ತು ವರ್ಷ ನನ್ನ ಮುಂದ ಕುಂತು ರೊಟ್ಟಿ ತಿಂದಳು, ಮೂಕಿ ಹಂಗ. ಹಂಗಾ ಸತ್ತಳು. ಆಕಿ ಹೋದಳು, ಆಕಿ ಮಾತು ಅಲ್ಲೇ ಮೊಳಿಗೆ ಸಿಕ್ಕೊಂಡೈತಿ. ಅದನ್ನ ಕೀಳಿಸದ ನಾ ಸತ್ತು ಆಕಿ ಇದ್ದಲ್ಲಿಗೆ ಹೋದ್ರ, ಅಲ್ಲೂ ನನ್ನ ಮಾತಾಡ್ಸದಿದ್ರ?"

ಉಚ್ಚೆಂಗೆಪ್ಪ ಹಳೆಯ ಮರಗಳ ಚಿತ್ರ ತೆಗೆಯುವುದು ಇದಕ್ಕಾಗಿ. ನೀರಿನ ಹೊರಗೆ ಬದುಕಿರುವ ಮರಗಳನ್ನು ತೋರಿಸಿ ತಾಯಿಯ ನೆನಪನ್ನು ತಿದ್ದಿಕೊಳ್ಳುವುದು. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ತಳದಲ್ಲಿ ಕಾಣಿಸಿಕೊಳ್ಳುವ ಸತ್ತ ಮರಗಳ ಚಿತ್ರ ತೆಗೆದು, ಇದೋ ಅದೋ ಎಂದು ಕೇಳುವುದು. ಆ ಸತ್ತ ಮರಗಳಿಗೆ ಅವನು ಹೆಸರಿಟ್ಟಿರಲಿಲ್ಲ, ಮಟ್ಟದಿಂದಲೇ ಕರೆಯುತ್ತಿದ್ದ: "ಸಾವಿರದ ಆರುನೂರಾ ಎರಡಕ್ಕ ಬರಾಕಿ", "ತೊಂಬತ್ತೆಂಟಕ್ಕ ಬರಾಕಿ". ತೊಂಬತ್ತೆಂಟೆಂದರೆ ಸಾವಿರದ ಐನೂರಾ ತೊಂಬತ್ತೆಂಟು; ಅಷ್ಟು ಅಡಿಗೆ ನೀರು ಇಳಿದರೆ ಆಕೆ ಮೇಲೆ ಬರುತ್ತಾಳೆ ಎಂದು ಅರ್ಥ. ಮೂವತ್ತಕ್ಕೂ ಹೆಚ್ಚು ಮರಗಳ ಚಿತ್ರ ತೋರಿಸಿದ್ದ. ತಾಯಕ್ಕನದು ಒಂದೇ ಉತ್ತರ. "ಇದಲ್ಲ. ಇದು ಗಿಡ್ಡ. ಇದು ಕೂಸು."

ಹೋದ ವರ್ಷ ಮೇ ತಿಂಗಳಲ್ಲಿ ನಾನೂ ಅವನ ಜೊತೆ ಆ ತಳಕ್ಕೆ ಇಳಿದೆ. ಮರಿಯಮ್ಮನಹಳ್ಳಿಯ ಕಡೆಯಿಂದ ಒಂದು ಗಂಟೆಯ ನಡಿಗೆ. ಹೆಂಚಿನಂತೆ ಒಡೆದ ಬೂದುಬಣ್ಣದ ಹೂಳು. ಬಿರುಕುಗಳಲ್ಲಿ ಬಿಳಿಯ ಚಿಪ್ಪುಗಳು. ಹನ್ನೊಂದು ಗಂಟೆಯ ಉರಿಬಿಸಿಲು. ಹಕ್ಕಿಯ ಸದ್ದಿಲ್ಲ, ನೊಣವೂ ಇಲ್ಲ. ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಮರ, ಎಲೆಯಿಲ್ಲದೆ, ತೊಗಟೆಯಿಲ್ಲದೆ, ಏನನ್ನೋ ಹೇಳಲು ಕೈ ಎತ್ತಿ ಮರೆತವರ ಹಾಗೆ. 'ತೊಂಬತ್ತೆಂಟಕ್ಕ ಬರಾಕಿ'ಯ ಪಕ್ಕದಲ್ಲಿ ಕೋಲು ಹಿಡಿದು ನಿಂತೆ. ಒಂದು ಮೊಂಡು ಕೊಂಬೆ ನನ್ನ ನೆತ್ತಿಗೆ ತಾಕುವಷ್ಟು ಹತ್ತಿರವಿತ್ತು. ಬೊಡ್ಡೆಗೆ ಬೆನ್ನು ತಾಗಿಸಲು ಮನಸ್ಸಾಗಲಿಲ್ಲ.

ಎರಡು ದಿನದ ಮೇಲೆ ತಾಯಕ್ಕ ಆ ಚಿತ್ರವನ್ನು ನೋಡಿ, ನನ್ನನ್ನು ನೋಡಿ, ಕೇಳಿದಳು: "ಯಾಕ್ರಿ ಮೇಷ್ಟ್ರ, ಈ ವಯಸ್ಸಿನಾಗ ಮರ ಹತ್ತಿ ನಿಂತೀರಿ?"

"ಹತ್ತಿಲ್ಲಮ್ಮ. ನೆಲದ ಮೇಲೇ ನಿಂತಿದ್ದೇನೆ."

"ಎಲ್ಲೈತಿ ನೆಲ? ಟೊಂಗಿಗೆ ನಿಮ್ಮ ತಲಿ ಹತ್ತೈತಿ. ಗಾಳಿಯಾಗ ನಿಂತೀರಿ ನೀವು."

ಉಚ್ಚೆಂಗೆಪ್ಪ ಚಹಾದ ಲೋಟವನ್ನು ಕೆಳಗಿಟ್ಟ. ಅವನ ಮುಖ ನೋಡಿ ನನಗೆ ಭಯವಾಯಿತು. ಎದ್ದು ಕಂಪ್ಲಿಯ ಮರದ ಚಿತ್ರವನ್ನು ತಂದು, ಬೊಡ್ಡೆಯ ಕೆಳಭಾಗವನ್ನು ಅಂಗೈಯಿಂದ ಮುಚ್ಚಿ ತಾಯಿಯ ಮುಂದೆ ಹಿಡಿದ. ನೆಲದಿಂದ ಎಂಟಡಿ ಮರೆಯಾಯಿತು. ಉಳಿದದ್ದು ಗಿಡ್ಡ ಬೊಡ್ಡೆ, ತಲೆಯ ಮಟ್ಟದಲ್ಲಿ ಮೊಣಕೈ ಮಡಚಿದ ಕೊಂಬೆ. ಎರಡು ಚಿತ್ರಗಳೂ ಒಂದೇ ಮರದವು ಎನ್ನುವಂತಿದ್ದವು.

"ಹೂಳು," ಎಂದ. "ಹೂಳು ಯವ್ವಾ. ಎಂಟಡಿ ಹೂಳು. ಮೂವತ್ತೈದು ವರ್ಷ ಕೋಲು ಹೊತ್ತು ಅಳದೀನಿ ನಾನು! ಡ್ಯಾಮಿಂದು ಲೆಕ್ಕ ಇಟ್ಟೆ, ಮರದ ಬುಡದ್ದು ಇಡಲಿಲ್ಲ!"

"ಎಂಥಾ ಶಾಣ್ಯಾನ್ನ ಹಡದೆನೋ," ಎಂದು ತಾಯಕ್ಕ ನಕ್ಕಳು. ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿನ್ನೀರಿನ ತಳದ ಆ ಮರದ ಚಿತ್ರವನ್ನು ನಾಲ್ಕು ಬೇಸಿಗೆ ತೋರಿಸಿದ್ದ. ನಾಲ್ಕು ಸಲವೂ ಅವಳು ಕೂಸು ಎಂದು ಪಕ್ಕಕ್ಕಿಟ್ಟಿದ್ದಳು. ನನಗೆ ಮಾತ್ರ ಬೇರೆ ಯೋಚನೆ ಹತ್ತಿತು. ನಾನು ಕಾಲೂರಿದ್ದ ಜಾಗದಲ್ಲಿ ಹಿಂದೆ ಹಕ್ಕಿಗಳು ಹಾರಾಡುತ್ತಿದ್ದವು. ನನ್ನ ಪಾದದ ಕೆಳಗೆ, ಎಂಟಡಿ ಆಳದಲ್ಲಿ, ಹುಡುಗಿಯೊಬ್ಬಳು ಕುಳಿತು ಮಾತಾಡಿದ ನೆಲವಿತ್ತು.

ಅಗೆಯಲು ಆಳು ಸಿಗಲಿಲ್ಲ. ಮೊಳೆ ಹೊಡೆದ ಮರ ಎಂದು ಕೇಳಿದ ಕೂಡಲೇ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತಿತ್ತು. ಕೊನೆಗೆ ನಾವಿಬ್ಬರೇ ಗುದ್ದಲಿ, ಸಲಿಕೆ ಹಿಡಿದೆವು. ಬೆಳಿಗ್ಗೆ ಎರಡು ತಾಸು ಮಾತ್ರ. ಆಮೇಲೆ ಬಿಸಿಲು ಬಿಡುತ್ತಿರಲಿಲ್ಲ. ಆರನೆಯ ದಿನ, ಮೂರಡಿಯ ಆಳದಲ್ಲಿ, ಒದ್ದೆ ಹೂಳಿನೊಳಗಿನಿಂದ ಮರದ ತೊಗಟೆ ಬಂತು. ಮೇಲೆ ಎಲ್ಲಿಯೂ ಇಲ್ಲದ ತೊಗಟೆ ಅಲ್ಲಿ ಹಾಗೆಯೇ ಇತ್ತು. ಅದರಲ್ಲಿ ಒಂದು ಚೌಕ ಮೊಳೆ. ಸುತ್ತ ಮಸಿ ಚೆಲ್ಲಿದಂತೆ ಕಪ್ಪು.

"ಸಿಕ್ಕಿತು ಮೇಷ್ಟ್ರ," ಎಂದು ಪಿಸುಗುಟ್ಟಿದ. ಕೈಯಿಂದ ಕೆಸರು ಬಳಿದ. ಪಕ್ಕದಲ್ಲಿ ಇನ್ನೊಂದು ಮೊಳೆ ಇತ್ತು. ಅದರ ಕೆಳಗೆ ಮತ್ತೊಂದು.

ಒಟ್ಟು ಹನ್ನೊಂದು. ಒಂದೊಂದೂ ಒಂದೊಂದು ಎತ್ತರದಲ್ಲಿ. ಉಚ್ಚೆಂಗೆಪ್ಪ ಅಭ್ಯಾಸಬಲದಿಂದ ಕೋಲನ್ನು ಇಟ್ಟು, ಎಂಟಡಿ ಕೆಳಗಿನ ಹಳೆಯ ನೆಲದಿಂದ ಲೆಕ್ಕ ಹಾಕಿದ. ಐದಡಿ. ನಾಲ್ಕಡಿ ಹತ್ತಿಂಚು. ನಾಲ್ಕಡಿ ಆರು. ಓದುತ್ತ ಓದುತ್ತ ಅವನ ದನಿ ಇಳಿಯಿತು. ಅವು ಅಲ್ಲಿ ನಿಂತವರ ಎತ್ತರಗಳು ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಎಲ್ಲಕ್ಕಿಂತ ಕೆಳಗಿನದು ಮೂರಡಿ ಒಂದಿಂಚು.

ಒಂದು ಮೊಳೆಗೆ ನಾರಿನಂಥ ಏನೋ ಸುತ್ತಿಕೊಂಡಿತ್ತು. ಜೊಂಡಿನ ಬೇರಿರಬಹುದು. ಮುಟ್ಟಿ ನೋಡಲಿಲ್ಲ.

ಚಿತ್ರ ತೆಗೆದು ತಾಯಕ್ಕನಿಗೆ ತೋರಿಸಿದೆವು. ಯಾವುದು ಹುಲಿಗೆವ್ವನದು? ಅವಳು ಒಂದೊಂದನ್ನೂ ಬೆರಳಿನಿಂದ ಸವರಿದಳು. ಮೂರಡಿಯದರ ಮೇಲೆ ಬೆರಳು ನಿಂತಿತು.

"ಗೊತ್ತಾಗವಲ್ದಪಾ. ಎಲ್ಲಾನೂ ಕೀಳು."

"ಬ್ಯಾರೇವ್ರವೂ ಅದಾವಲ್ಲವ್ವಾ. ಏನಾದ್ರೂ ಆದ್ರ?"

"ಯಾರ ಮನಿ ಕೂಸೋ ಏನೋ. ಅವಕ್ಕೂ ಅಕ್ಕ-ತಂಗೇರು ಇದ್ದಿರಬೇಕಲ್ಲೋ. ಕೀಳಲೇ."

ಇಕ್ಕಳ ತೆಗೆದುಕೊಂಡು ಹೋಗಿ ಮೇಲಿನಿಂದ ಆರಂಭಿಸಿದೆವು. ದಿನಕ್ಕೆ ಒಂದು ಬಂದರೆ ಹೆಚ್ಚು. ಪ್ರತಿ ಮೊಳೆ ಹೊರಬರುವಾಗಲೂ ಆ ರಂಧ್ರದಿಂದ ಒಂದು ಸದ್ದು ಬರುತ್ತಿತ್ತು. ಬಹಳ ಹೊತ್ತು ಉಸಿರು ಬಿಗಿಹಿಡಿದವರು ಬಿಟ್ಟಂತೆ. ನನ್ನ ಜೊತೆ ಕೆಲಸ ಮಾಡಿದ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಮರದೊಳಗೆ ಸಿಕ್ಕಿಕೊಂಡ ಗಾಳಿ ಎಂದರು. ನಾನೂ ಒಪ್ಪಿದೆ. ಹೊರಬಂದದ್ದು ಗಾಳಿಯೇ. ನಮ್ಮ ಕಡೆ ಆ ಪದಕ್ಕೆ ಎರಡು ಅರ್ಥಗಳಿವೆ ಎಂದು ಅವರಿಗೆ ಹೇಳಲು ಹೋಗಲಿಲ್ಲ.

ಏಳು ಮೊಳೆ ಕಿತ್ತಿದ್ದೆವು. ಜೂನ್ ತಿಂಗಳಲ್ಲಿ ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿಯಲ್ಲಿ ಮೊಣಕಾಲುದ್ದ ನೀರು ಒಸರಿತ್ತು. ಕೆಳಗಿನ ನಾಲ್ಕು ಮೊಳೆಗಳು, ಚಿಕ್ಕವರವು, ಅದರೊಳಗೆ. ಉಚ್ಚೆಂಗೆಪ್ಪ ನೀರಿಗಿಳಿದು ಕೈಯಾಡಿಸಿ ಒಂದನ್ನು ಹಿಡಿದ, ಇಕ್ಕಳ ಜಾರಿತು. ಗುಂಡಿಯ ಬದಿ ಕುಸಿಯತೊಡಗಿದಾಗ ನಾನೇ ಅವನ ರಟ್ಟೆ ಹಿಡಿದು ಎಳೆದೆ. ಹತ್ತು ದಿನದಲ್ಲಿ ಮರದ ತಲೆಯೂ ಕಾಣದಾಯಿತು.

ಕಿತ್ತ ಏಳನ್ನು ತಾಯಕ್ಕ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ತಲೆದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಿದ್ದಾಳೆ. ಅವುಗಳಲ್ಲಿ ಅಕ್ಕನದು ಇದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಹದಿಮೂರು ವರ್ಷದ ಹುಡುಗಿ ನಾಲ್ಕಡಿಗಿಂತ ಎತ್ತರ ಇದ್ದಿರಲೇಬೇಕು, ಬಂದಿರುತ್ತದೆ ಎಂದು ನಾನು ಸಮಾಧಾನ ಹೇಳಿದೆ. "ಹಂಗಾದ್ರ ಆಕೀನ ಬಂದು ಹೇಳ್ತಾಳ ಬಿಡ್ರಿ," ಎಂದಳು. ಈಗ ಅವಳಿಗೆ ಅದಕ್ಕಿಂತ ಮೂರಡಿ ಒಂದಿಂಚಿನದರ ಚಿಂತೆ. ಕೋಲನ್ನು ಬಾಗಿಲ ಮೂಲೆಯಲ್ಲಿ ನಿಲ್ಲಿಸಿಕೊಂಡು, ದಿನ ಬೆಳಿಗ್ಗೆ ಆ ಎತ್ತರಕ್ಕೆ ಒಂದು ಬೊಟ್ಟು ಕುಂಕುಮ ಇಡುತ್ತಾಳೆ. ಮಗುವಿನ ಹಣೆಗೆ ಇಡುವವರಂತೆ ಬಾಗಿ.

ಉಚ್ಚೆಂಗೆಪ್ಪ ಈ ವರ್ಷ ಯಾವ ಮರದ ಚಿತ್ರವನ್ನೂ ತೆಗೆದಿಲ್ಲ. ಬೆಳಿಗ್ಗೆ ಆರಕ್ಕೆ ಡ್ಯಾಮಿಗೆ ಹೋಗಿ, ಕೆಲಸದಲ್ಲಿದ್ದಾಗಿನಂತೆಯೇ ಮಟ್ಟ ನೋಡಿ ಬರೆದುಕೊಳ್ಳುತ್ತಾನೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತದೆ.

"ಎಷ್ಟೈತಪಾ?"

"ಸಾವಿರದ ಆರುನೂರಾ ಹನ್ನೊಂದು ಯವ್ವಾ. ಇಳ್ಯಾಕತ್ತೈತಿ."

ಆಮೇಲೆ ನನಗೆ ಫೋನು ಮಾಡಿ ಅದೇ ಅಂಕಿಯನ್ನು ಹೇಳುತ್ತಾನೆ. ನಿನ್ನೆ ಮರಿಯಮ್ಮನಹಳ್ಳಿಯ ಕಮ್ಮಾರನ ಹತ್ತಿರ ಇಕ್ಕಳಕ್ಕೆ ಹೊಸ ಹಲ್ಲು ಹಾಕಿಸಿಕೊಂಡು ಬಂದನಂತೆ, ಒದ್ದೆಯಲ್ಲಿ ಜಾರದ ಹಾಗೆ.