ಸೊನ್ನೆ ದುಂಡಗಾಗುವವರೆಗೆ

ಬೆಳಿಗ್ಗೆ ಆರೂಕಾಲು. ಕುಣಿಗಲ್ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಇನ್ನೂ ಒಂದೇ ಅಂಗಡಿಯ ಷಟರ್ ಎದ್ದಿದೆ. ಒಳಗೆ ನೆನಪಿನ ಕಾಣಿಕೆ, ನಾಮಫಲಕಗಳ ನಡುವೆ ರಿಪೇರಿಗೆ ಬಂದ ಪ್ರೇಮಲತಾ ನೆಲಕ್ಕೆ ಮಂಡಿಯೂರಿ, ಕಿವಿಯನ್ನು ಮೆಷಿನ್ನಿನ ಹತ್ತಿರ ತಂದಿದ್ದಾರೆ. ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೆ ಅತ್ತಿತ್ತ ಓಡುವ ಪುಟ್ಟ ತಲೆ, ಆ ತಲೆಯಿಂದ ಇಳಿಯುವ ಲೇಸರ್ ಕಿರಣ. ಮರ, ಚರ್ಮ, ತೆಂಗಿನ ಚಿಪ್ಪಿನ ಮೇಲೆ ಹೆಸರು ಸುಡುವ ಸಣ್ಣ ಮೆಷಿನ್ನು ಇದು. ಸ್ವಿಚ್ ಹಾಕಿದ ಕೂಡಲೇ ತಲೆ ಎಡಮೂಲೆಗೆ ಓಡಿ ಚೌಕಟ್ಟಿಗೆ ಗುದ್ದುತ್ತದೆ. ನಿಲ್ಲುವುದಿಲ್ಲ. ಕಟ ಕಟ ಕಟ ಎಂದು ಗುದ್ದುತ್ತಲೇ ಇರುತ್ತದೆ.

"ನಮ್ಮ ಮಾವನ ಥರ ಮೇಡಂ ಇದು," ಎನ್ನುತ್ತಾರೆ ಅಂಗಡಿಯ ಮಾಲೀಕ ಮೋಹನ್‌ಕುಮಾರ್. "ಗೋಡೆಗೆ ಗುದ್ಕೊಂಡ್ರೂ ಮನೆ ಬಂತು ಅಂತ ಗೊತ್ತಾಗಲ್ಲ."

"ನಿಮ್ ಮಾವಂಗೆ ನಾನೇನೂ ಮಾಡಕ್ಕಾಗಲ್ಲ ಬುಡಿ. ಇದಕ್ಕೆ ವೈರ್ ತುಂಡಾಗಿರ್ಬೇಕು, ಅಷ್ಟೆ."

ಮೂಲೆಯಲ್ಲಿ ಉಗುರಿನಷ್ಟು ಪುಟ್ಟ ಸ್ವಿಚ್ ಇದೆ. ತಲೆ ಬಂದು ಅದನ್ನು ಒತ್ತಿದರೆ 'ಮೂಲೆ ತಲುಪಿದೆ' ಎಂಬ ಸುದ್ದಿ ಮೆಷಿನ್ನಿಗೆ ಸಿಗುತ್ತದೆ. ಇದಕ್ಕೆ ಹೋಮಿಂಗ್ ಎನ್ನುತ್ತಾರೆ. ಲೇಖನ ಬರೆಯಲು ಜೊತೆಗೆ ಬಂದಿರುವ ನನಗೆ ಅರ್ಥವಾಗಿಲ್ಲವೆಂದು ತಿಳಿದು ಪ್ರೇಮಲತಾ ಇನ್ನೊಮ್ಮೆ ಹೇಳುತ್ತಾರೆ: "ಕರೆಂಟ್ ಹೋದಾಗ ನಾವು ಮೊದ್ಲು ಬಾಗಿಲ ಚೌಕಟ್ಟು ತಡಕ್ತೀವಲ್ಲ? ಅದು ಕೈಗೆ ಸಿಕ್ರೆ ಬೆಂಕಿಪೊಟ್ಟಣ ಎಲ್ಲಿದೆ, ನೀರಿನ ಬಿಂದಿಗೆ ಎಲ್ಲಿದೆ ಎಲ್ಲಾ ಗೊತ್ತಾಗುತ್ತೆ. ಇದಕ್ಕೂ ಅಷ್ಟೆ. ಮೂಲೆ ಸಿಗ್ದೆ ಇದಕ್ಕೆ ಏನೂ ಕಾಣಲ್ಲ."

ಅವರು ಕರೆಂಟ್ ಹರಿದರೆ ಕೂಗುವ ಮೀಟರಿನ ಎರಡು ಕಡ್ಡಿಗಳನ್ನು ಆ ಸ್ವಿಚ್ಚಿನ ತಂತಿಯ ಎರಡು ತುದಿಗಿಟ್ಟು, ತಂತಿಯನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸುತ್ತಾ ಬರುತ್ತಾರೆ. ಕೀ ಎನ್ನುತ್ತಿದ್ದ ಮೀಟರ್ ಒಂದು ಕಡೆ ಸುಮ್ಮನಾಗುತ್ತದೆ. ಮೇಲಿನ ಕಪ್ಪು ಹೊದಿಕೆ ನೆಟ್ಟಗಿದೆ, ಒಳಗಿನ ತಾಮ್ರ ಮುರಿದಿದೆ. ಇಪ್ಪತ್ತು ನಿಮಿಷದಲ್ಲಿ ಹೊಸ ತಂತಿ ಬೆಸುಗೆಯಾಗುತ್ತದೆ. ತಲೆ ಮೂಲೆಗೆ ಹೋಗಿ, ಮುಟ್ಟಿ, ಸ್ವಲ್ಪ ಹಿಂದೆ ಸರಿದು ನಿಲ್ಲುತ್ತದೆ.

ಮೋಹನ್‌ಕುಮಾರ್ ಕಾಫಿಗೆ ಹೊರಡಲು ಸಿದ್ಧ. ಪ್ರೇಮಲತಾ ಏಳುವುದಿಲ್ಲ. ಹಸಿರು ಕನ್ನಡಕ ಹಾಕಿಕೊಂಡು, ಚೂರು ಪ್ಲೈವುಡ್ಡಿನ ಮೇಲೆ ಒಂದು ಸೊನ್ನೆ ಸುಡಿಸುತ್ತಾರೆ. ಇನ್ನೊಂದು. ಮತ್ತೆ ಆರು. ಆಮೇಲೆ ಒಂದು 'ಠ'. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡುತ್ತಾರೆ.

"ಬರೀ ಸೊನ್ನೆ ಹಾಕ್ತಿದೀರಲ್ಲ ಮೇಡಂ, ನಮ್ ಹುಡುಗನ ಲೆಕ್ಕದ ಪೇಪರ್ ಆಗೋಯ್ತು!"

ಪ್ರೇಮಲತಾ ನಗುವುದಿಲ್ಲ. ಐದನೆಯ ಸೊನ್ನೆಯ ಬಲಬದಿ ಚಪ್ಪಟೆಯಾಗಿದೆ ಎನ್ನುತ್ತಾರೆ. ನನಗೆ ಕಾಣುವುದಿಲ್ಲ. ಮೋಟರಿನ ತುದಿಯಲ್ಲಿ ಬೆಲ್ಟನ್ನು ಎಳೆಯುವ ಹಲ್ಲಿನ ಚಕ್ರವಿದೆ. ಅದನ್ನು ಹಿಡಿದಿರುವ ಸಾಸಿವೆಯಷ್ಟು ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡುತ್ತಾರೆ. ಮತ್ತೆ ಎಂಟು ಸೊನ್ನೆ. ಎಂಟೂ ದುಂಡಗೆ ಬಂದ ಮೇಲೆಯೇ ಕಾಫಿ.

ಪ್ರೇಮಲತಾ ಅವರಿಗೆ ನಲವತ್ತೇಳು ವರ್ಷ. ಊರು ತುಮಕೂರಿನ ಹತ್ತಿರದ ಕೋರ. ಈಗ ಇರುವುದು ಬಟವಾಡಿಯಲ್ಲಿ, ಅತ್ತೆ ದೊಡ್ಡಗಂಗಮ್ಮ ಮತ್ತು ಮಗಳು ಮಾನಸಾ ಜೊತೆ. ಹದಿನಾಲ್ಕು ವರ್ಷ ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಸ್ಟೆಬಿಲೈಸರ್ ಬೋರ್ಡುಗಳಿಗೆ ಬೆಸುಗೆ ಹಾಕಿದರು. ಘಟಕಕ್ಕೆ ನಾಮಫಲಕ ಕೆತ್ತಲು ಬಂದ ಚಿಕ್ಕ ಲೇಸರ್ ಮೆಷಿನ್ನು ಪದೇ ಪದೇ ಕೆಡುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ, ಇವರು ಮುಟ್ಟಿದರು. ಕೊರೊನಾ ವರ್ಷದಲ್ಲಿ ಘಟಕ ಮುಚ್ಚಿತು. ಕಲಿತದ್ದು ಉಳಿಯಿತು.

ತುಮಕೂರು, ಗುಬ್ಬಿ, ಕುಣಿಗಲ್ ಸೇರಿ ಅವರು ನೋಡಿಕೊಳ್ಳುವ ಮೆಷಿನ್ನುಗಳು ಮೂವತ್ತೆಂಟು. ನಾನು ಅವರ ನೋಟ್‌ಬುಕ್ಕಿನಿಂದ ಎಣಿಸಿದ ಸಂಖ್ಯೆ ಇದು; ಅವರ ಪ್ರಕಾರ ನಲವತ್ತಿರಬಹುದು. ದಿನಕ್ಕೆ ಎರಡು ಅಂಗಡಿ, ಮೂರು ಬಸ್ಸು. ಅಂಗಡಿ ತೆರೆಯುವ ಮೊದಲು ಕೆಲಸ ಮುಗಿಯಬೇಕು, ಆದ್ದರಿಂದ ದಿನ ನಾಲ್ಕೂವರೆಗೆ ಶುರು. ಇವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಆದರೆ ಮೂರು ಊರುಗಳ ಎಷ್ಟೋ ಮನೆಗಳ ಬಾಗಿಲ ಮೇಲಿನ ಹೆಸರು ಇವರ ಕೈ ದಾಟಿ ಹೋಗಿದೆ.

ಲೇಖನಕ್ಕೆ ಒಪ್ಪಿಸಲು ನಾನು ನಾಲ್ಕು ಸಲ ಫೋನ್ ಮಾಡಿದ್ದೆ. ಕೊನೆಗೆ ಒಂದು ಮಾತಿನ ಮೇಲೆ ಒಪ್ಪಿದರು. "ಗುಬ್ಬಿ ವಿಷಯ ಬಿಟ್ಟು ಬರೆಯೋದಾದ್ರೆ ಬರೀಬೇಡಿ. ಬರೀ ಒಳ್ಳೇದು ಬರೆದ್ರೆ ರವಿಕಿರಣ್ ಓದ್ತಾನೆ. ಅವನ ಮುಂದೆ ನಾನು ಹೆಂಗೆ ನಿಲ್ಲಲಿ?"

ಗುಬ್ಬಿ ವಿಷಯ ಮೂರು ವರ್ಷದ ಹಿಂದಿನದು. ರವಿಕಿರಣ್‌ಗೆ ಆಗ ಇಪ್ಪತ್ತೆಂಟು. ಗುಬ್ಬಿ ಪೇಟೆಯಲ್ಲಿ ಪುಟ್ಟ ಅಂಗಡಿ, ಒಂದೇ ಮೆಷಿನ್ನು. ಅಕ್ಷರಗಳು ಸರಿಯಾಗಿ ಬರುತ್ತಿಲ್ಲವೆಂದು ಕರೆದ. ಪ್ರೇಮಲತಾ ಬೆಲ್ಟ್ ಬಿಗಿ ಮಾಡಿ, ಮೆಷಿನ್ನಿನ ಜೊತೆ ಬಂದಿದ್ದ ಪರೀಕ್ಷೆಯ ಚಿತ್ರವನ್ನೇ ಸುಡಿಸಿದರು. ಒಂದು ಚೌಕ, ಕೆಲವು ಇಂಗ್ಲಿಷ್ ಅಕ್ಷರ. ಅಡ್ಡಗೆರೆ ಐವತ್ತು ಮಿಲಿಮೀಟರ್, ಉದ್ದಗೆರೆ ಐವತ್ತು.

"ಚೌಕದ ಒಂದು ಮೂಲೆ ಕೂಡಿರ್ಲಿಲ್ಲ. ಕೂದಲೆಳೆಯಷ್ಟು ಬಿಟ್ಟಿತ್ತು. ನೋಡ್ದೆ. ನೋಡ್ಲಿಲ್ಲ ಅಂದ್ರೆ ಸುಳ್ಳಾಗ್ತದೆ," ಎನ್ನುತ್ತಾರೆ ಅವರು. "ಗೆರೆ ಸರಿ ಇದೆಯಲ್ಲ ಅಂದ್ಕೊಂಡೆ. ತುಮಕೂರು ಬಸ್ಸು ಹೊರಡೋದ್ರಲ್ಲಿತ್ತು."

ಚಕ್ರದ ಸ್ಕ್ರೂ ಸಡಿಲವಿತ್ತು. ತಲೆ ದಿಕ್ಕು ಬದಲಿಸಿದಾಗಲೆಲ್ಲ ಚಕ್ರ ಒಂದಿಷ್ಟು ಜಾರುತ್ತಿತ್ತು. ನೆಟ್ಟಗೆ ನಿಲ್ಲುವ ಇಂಗ್ಲಿಷ್ ಅಕ್ಷರದಲ್ಲಿ ಅದು ಅಡಗಿಕೊಂಡಿತು. "ನಮ್ ಅಕ್ಷರ ಹಂಗಲ್ಲ. ಎಲ್ಲಾ ಗುಂಡಗೆ, ಸುತ್ತಿ ಸುತ್ತಿ ಬರ್ತದೆ. ಸುತ್ತಿದಾಗೆಲ್ಲ ಜಾರ್ತದೆ. ಕನ್ನಡ ಬರೆಯೋ ಅಂಗಡೀಲಿ ಇಂಗ್ಲಿಷ್ ಬರೆಸಿ ಪಾಸ್ ಮಾಡ್ಬಿಟ್ಟೆ."

ಅದೇ ಮಧ್ಯಾಹ್ನ ಗುಬ್ಬಿ ಹತ್ತಿರದ ಕಡಬದಿಂದ ಏಕಾಂತಯ್ಯ ಬಂದರು. ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು. ತೀರಿಕೊಂಡ ಹೆಂಡತಿ ನಿಂಗಮ್ಮ ಮೂವತ್ತು ವರ್ಷ ತೆಂಗಿನಕಾಯಿ ತುರಿದ ತುರಿಮಣೆಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಜೊತೆಗೆ ನಿಂಗಮ್ಮ ತಮ್ಮ ಮಹಿಳಾ ಸಂಘದ ಪುಸ್ತಕದಲ್ಲಿ ಹಾಕಿದ್ದ ರುಜು. ಮದುವೆಯಾದ ಮೇಲೆ ಮೇಷ್ಟ್ರೇ ಕಲಿಸಿದ ರುಜು. ಅದೇ ಕೈಬರಹ ಮಣೆಯ ಮೇಲೆ ಬರಬೇಕಿತ್ತು. ಬೆಳಿಗ್ಗೆ ಕೂದಲೆಳೆಯಷ್ಟಿದ್ದ ಜಾರಿಕೆ ಅಷ್ಟು ಹೊತ್ತಿಗೆ ಅಕ್ಕಿಕಾಳಿನಷ್ಟಾಗಿತ್ತು. 'ನಿಂ'ನ ಸೊನ್ನೆ ಎರಡು ಹೋಳಾಯಿತು. 'ಮ್ಮ'ದ ಒತ್ತು ಮೇಲಿನ ಅಕ್ಷರಕ್ಕೆ ಗುದ್ದಿಕೊಂಡಿತು. ಸುಟ್ಟ ಮರವನ್ನು ಮತ್ತೆ ಸುಡದ ಮರ ಮಾಡಲು ಬರುವುದಿಲ್ಲ.

ಅಂದು ಸಂಜೆ ರವಿಕಿರಣ್ ಫೋನ್ ಮಾಡಿದ. ಪ್ರೇಮಲತಾಗೆ ಕೇಳಿದ ಕ್ಷಣವೇ ಕಾರಣ ಹೊಳೆಯಿತು. ಆದರೂ ಬಾಯಿಂದ ಬಂದದ್ದು ಬೇರೆ: "ನೀನು ರುಜು ಟ್ರೇಸ್ ಮಾಡಿದ್ದು ಸರಿ ಇತ್ತೇನಪ್ಪ?" ಮರುದಿನ ಹೋಗಿ ಸ್ಕ್ರೂ ಬಿಗಿ ಮಾಡಿ, "ಈಗ ಸರಿ ಇದೆ" ಎಂದಷ್ಟೇ ಹೇಳಿ ಬಂದರು. ಏನು ಸರಿ ಇರಲಿಲ್ಲ ಎಂದು ಹೇಳಲಿಲ್ಲ.

ರವಿಕಿರಣ್ ತಪ್ಪು ತನ್ನದೆಂದೇ ನಂಬಿದ. ಜನರು ಮನೆಯಿಂದ ತರುವ ಹಳೆಯ ವಸ್ತುಗಳನ್ನು ಮುಟ್ಟುವುದನ್ನು ಬಿಟ್ಟ. ಐದು ತಿಂಗಳಿಗೆ ಮೆಷಿನ್ನನ್ನೇ ಮಾರಿದ. ಈಗ ಸತ್ಯಮಂಗಲದ ಒಂದು ಪ್ಯಾಕಿಂಗ್ ಘಟಕದಲ್ಲಿ ಪಾಳಿ ಕೆಲಸ. ಪ್ರೇಮಲತಾ ಅವನಿಗೆ ನಿಜ ಹೇಳಿದ್ದು ಹೋದ ವರ್ಷ.

ಒಬ್ಬರ ಮಾತಿನ ಮೇಲೆ ಇದನ್ನೆಲ್ಲ ಬರೆಯುವುದು ಸರಿಯಲ್ಲವೆಂದು ಅವನನ್ನೂ ಕಂಡೆ. ಘಟಕದ ಗೇಟಿನ ಎದುರಿನ ಟೀ ಅಂಗಡಿಯಲ್ಲಿ, ಕೈಗೆ ಅಂಟಿದ ಟೇಪು ಕೀಳುತ್ತಾ ಮಾತಾಡಿದ. "ಅಕ್ಕನ ಮೇಲೆ ಕೋಪ ಇಲ್ಲ ಸಾರ್. ಸ್ಕ್ರೂ ಯಾರ್ದಾದ್ರೂ ಸಡಿಲ ಆಗ್ತದೆ. ಆದ್ರೆ ಒಂದು ಫೋನ್ ಮಾಡಿದ್ರೆ ಸಾಕಿತ್ತು. ಐದು ತಿಂಗಳು ನನ್ ಕಣ್ಣನ್ನೇ ನಾನು ನಂಬ್ಲಿಲ್ಲ. ಮಾಡಿದ್ ಕೆಲಸ ಅಮ್ಮಂಗೆ ತೋರಿಸಿ, ನೆಟ್ಟಗಿದ್ಯಾ ಅಮ್ಮ ಅಂತ ಕೇಳ್ತಿದ್ದೆ. ಅಮ್ಮಂಗೆ ಓದೋಕೆ ಬರಲ್ಲ."

ಏಕಾಂತಯ್ಯನವರಿಗೆ ಮಾತ್ರ ಇನ್ನೂ ಗೊತ್ತಿರಲಿಲ್ಲ. ಪ್ರೇಮಲತಾ ಎರಡು ಸಲ ಕಡಬಕ್ಕೆ ಹೋಗಿ ಕೆರೆ ಏರಿಯಿಂದಲೇ ಹಿಂದಿರುಗಿದ್ದರು. ಪತ್ರಿಕೆ ಓದಿ ಅವರಿಗೆ ತಿಳಿಯುವುದು ಬೇಡವೆಂದೆ. "ಬೇಡ," ಎಂದರು ಪ್ರೇಮಲತಾ. ಕುಣಿಗಲ್‌ನ ಆ ಬೆಳಗು ಕಳೆದು ಮೂರನೇ ದಿನ ನಾವಿಬ್ಬರೂ ಕಡಬದ ಬಸ್ಸು ಹತ್ತುತ್ತೇವೆ.

ಮೇಷ್ಟ್ರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಾರೆ. ಪ್ರೇಮಲತಾ ಕೂರುವುದಿಲ್ಲ, ನಿಂತೇ ಹೇಳುತ್ತಾರೆ. ಸ್ಕ್ರೂ, ಮೂಲೆ, ಬಸ್ಸು, ಫೋನು, ರವಿಕಿರಣ್‌ನ ಈಗಿನ ಪಾಳಿ ಕೆಲಸ. ಒಂದನ್ನೂ ಬಿಡುವುದಿಲ್ಲ. ಮೇಷ್ಟ್ರು ಎದ್ದು ಒಳಗೆ ಹೋಗಿ ತುರಿಮಣೆ ತರುತ್ತಾರೆ.

"ಅವಳ ಅಕ್ಷರ ಎಲ್ಲಾ ಸೊಟ್ಟ ಕಣಮ್ಮ. ಸೊನ್ನೆ ಒಂದು ಮಾತ್ರ ದುಂಡಗೆ ಹಾಕೋಳು. ರಂಗೋಲಿ ಚುಕ್ಕಿ ಇಟ್ಟಂಗೆ. ಇಲ್ಲಿ ನೋಡು, ಅದೇ ಹೋಯ್ತು."

"ನೋಡಿದೀನಿ ಮೇಷ್ಟ್ರೇ."

"ಎಲ್ಲಿ ನೋಡ್ದೆ?"

"ರವಿಕಿರಣ್ ಫೋಟೋ ಕಳ್ಸಿದ್ದ. ಅಳಿಸಿಲ್ಲ, ಇನ್ನೂ ಇಟ್ಕೊಂಡಿದೀನಿ."

ಮೇಷ್ಟ್ರು ಸ್ವಲ್ಪ ಹೊತ್ತು ಮಣೆಯ ಮೇಲೆ ಕೈಯಾಡಿಸುತ್ತಾರೆ. "ಅವತ್ತು ಆ ಹುಡುಗನ್ನ ಸಂತೆ ಜನದ ಮುಂದೆ ಬೈದೆ. ನಿನ್ ಕೈ ಸೇದೋಗ ಅಂದ್ಬಿಟ್ಟೆ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಲ್ಲಿ. ಅವನು ತಲೆ ಬಗ್ಸಿ ನಿಂತಿದ್ದ, ತಪ್ಪು ಮಾಡಿದೋನು ಹಂಗೇ ನಿಂತ್ಕೋತಾನೆ ಅಂದ್ಕೊಂಡೆ." ಆಮೇಲೆ, ಪ್ರೇಮಲತಾ ಕಡೆ ನೋಡದೆ: "ನೀನು ಹೇಳ್ಕೊಂಡೆ, ನಿಂಗೆ ಹಗುರಾಯ್ತು. ನಾನಂದ ಆ ಮಾತನ್ನ ಈಗ ಎಲ್ಲಿ ಇಡ್ಲಿ ಹೇಳು?"

ಪ್ರೇಮಲತಾ ಇನ್ನೊಂದು ಹಲಸಿನ ಹಲಗೆಯ ಮೇಲೆ ಅದೇ ರುಜು ತಾವೇ ಸುಡಿಸಿ ಕೊಡುವುದಾಗಿ ಹೇಳುತ್ತಾರೆ. "ಬ್ಯಾಡಮ್ಮ. ಅವಳು ಕೂತಿದ್ದು ಇದರ ಮೇಲೆ," ಎನ್ನುತ್ತಾರೆ ಮೇಷ್ಟ್ರು. ಕೋಪದಿಂದ ಅಲ್ಲ. ನಂತರ ಕೇಳುತ್ತಾರೆ: "ಆ ಹುಡುಗನ ಪಾಳಿ ಎಷ್ಟೊತ್ತಿಗೆ ಬಿಡುತ್ತೆ?"

"ಎರಡು ಗಂಟೆಗೆ. ನಾನೂ ಬರ್ತೀನಿ ಮೇಷ್ಟ್ರೇ."

"ನೀನ್ಯಾಕೆ? ಬೈದೋನು ನಾನು. ಒಬ್ನೇ ಹೋಗ್ತೀನಿ."

ಒಳಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದು, ನಮಗಿಂತ ಮೊದಲೇ ಬಸ್ಸಿನ ಕಡೆ ನಡೆಯುತ್ತಾರೆ. ಎಪ್ಪತ್ತಾರು ವರ್ಷದ ಮನುಷ್ಯ, ಬಿರುಸಾಗಿ. ಪ್ರೇಮಲತಾ ಬೇಕೆಂದೇ ಹಿಂದೆ ಉಳಿಯುತ್ತಾರೆ. ಅದೇ ಬಸ್ಸು ಹತ್ತುವುದಿಲ್ಲ. ಮುಂದಿನ ಬಸ್ಸಿಗೆ ಒಂದು ಗಂಟೆ ಇದೆ.

ಇನ್ನೇನು ಆಸೆಯಿದೆ ಎಂಬ ನನ್ನ ಪ್ರಶ್ನೆ ಅಲ್ಲಿ ಕೇಳುವಂಥದ್ದಾಗಿರಲಿಲ್ಲವೇನೋ. ಆದರೂ ಪ್ರೇಮಲತಾ ಉತ್ತರ ಕೊಟ್ಟರು.

"ರವಿಕಿರಣ್ ಮತ್ತೆ ಒಂದು ಮೆಷಿನ್ ತಗೋಬೇಕು. ಕೆಟ್ರೆ ನನ್ನೇ ಕರೀಲಿ ಅಂತ ಕೇಳಲ್ಲ. ಯಾರನ್ನಾದ್ರೂ ಕರೀಲಿ. ಅವನ ಕೆಲಸ ನಂಗಿಂತ ಚೆನ್ನಾಗಿತ್ತು ಸಾರ್."