ಮುಸುಕಿನ ರಾಣಿ ಮತ್ತು ನಮ್ಮ ಅಕ್ಕೋರು

ಕಳೆದ ತಿಂಗಳು ಹಾವೇರಿಯ ನಮ್ಮ ಪಕ್ಕದ ಮನೆಯಾಕೆ ಮೊಮ್ಮಗಳಿಗೆ ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ಕಿಟಕಿಯಿಂದ ಒಳಗೆ ಬಂತು. ನಾನು ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವಳು, ಮೆಣಸಿನಕಾಯಿಯ ಘಾಟು ನನಗೇನೂ ಹೊಸದಲ್ಲ. ಆದರೂ ಬರೆಯುತ್ತಿದ್ದುದನ್ನು ಬಿಟ್ಟೆದ್ದು ಅಂಗಳಕ್ಕೆ ಹೋದೆ. ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಕೆಮ್ಮು ನಿಂತು ಎಷ್ಟೋ ಹೊತ್ತಾದ ಮೇಲೂ ಕೂತಲ್ಲಿ ಕೂರಲಾಗಲಿಲ್ಲ. ನಾಲ್ಕನೇ ಇಯತ್ತೆಯಲ್ಲಿ ನಮಗೆ ಕಲಿಸಿದ ಅಕ್ಕೋರು ನೆನಪಾಗಿದ್ದರು.

ನಾನು ಮಕ್ಕಳಿಗಾಗಿ ಬರೆಯುತ್ತೇನೆ. ಕೆಂಧೂಳಿ ನಾಡು ಎಂಬ ಮಾಯಾಲೋಕದ ಕಥೆ ಐದು ಪುಸ್ತಕಗಳಾಗಿ ಬಂದಿದೆ. ಯಾವ ಶಾಲೆಗೆ ಹೋದರೂ ಮಕ್ಕಳು ಕೇಳುವುದು ಒಂದೇ, ಇದೆಲ್ಲ ಎಲ್ಲಿಂದ ಬಂತು ಎಂದು. ಹೇಳುವುದು ಕಷ್ಟವಲ್ಲ. ಕಣ್ಣು ಹಾಯುವಷ್ಟು ದೂರ ಕೆಂಪಗಿರುವ ಬಯಲು ನಮ್ಮೂರ ಮಾರುಕಟ್ಟೆ. ಕೊಕ್ಕೆ ಹಾಕಿ ಗುಡ್ಡ ಎತ್ತುವ ದೈತ್ಯರು ನಮ್ಮ ಓಣಿಯ ಹಮಾಲರು. ಹಿಮದ ಗವಿ ಊರ ಹೊರಗಿನ ಕೋಲ್ಡ್ ಸ್ಟೋರೇಜ್. ಜಿಗಿಜಿಗಿದು ಓಡುವ ಸುರುಳಿಗೊಂಬಿನ ವಾಹನಗಳು ರಾಣೆಬೆನ್ನೂರಿನ ಕೃಷ್ಣಮೃಗಗಳು. ಆದರೆ ಮುಸುಕಿನ ರಾಣಿ ಯಾರು ಎಂದು ಕೇಳಿದಾಗ ಮಾತ್ರ ಅದು ಬರೀ ಕಲ್ಪನೆ ಎಂದು ಹೇಳಿ ಬೇರೆ ಪ್ರಶ್ನೆಗೆ ಹೋಗಿಬಿಡುತ್ತಿದ್ದೆ. ಅರ್ಧ ಮುಖ ಮುಚ್ಚಿಕೊಂಡು, ಮಾತೇ ಆಡದೆ, ಕೋಲು ಕುಟ್ಟಿ ಆಜ್ಞೆ ಮಾಡುವ ಆ ಕ್ರೂರ ರಾಣಿ ಎಂದರೆ ಮಕ್ಕಳಿಗೆ ಹೆದರಿಕೆಯೂ ಹೌದು, ಪ್ರೀತಿಯೂ ಹೌದು.

ಅಕ್ಕೋರು ಬ್ಯಾಡಗಿಯವರಲ್ಲ. ಯಾವ ಊರಿನವರೋ… ನಾವು ಕೇಳಿರಲಿಲ್ಲ. ಎತ್ತರದ, ತೆಳ್ಳಗಿನ ಹೆಂಗಸು. ಮೆಣಸಿನಕಾಯಿ ಸುಗ್ಗಿ ಶುರುವಾದರೆ ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡೇ ಶಾಲೆಗೆ ಬರುತ್ತಿದ್ದರು. ಅವರಿಗೆ ದಮ್ಮು ಇತ್ತು. ಮಾತಾಡಿದರೆ ಕೆಮ್ಮು ಬರುತ್ತದೆಂದು ಕಟ್ಟಿಗೆಯ ಅಳತೆಪಟ್ಟಿಯಿಂದ ಮೇಜಿನ ಮೇಲೆ ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ಎದ್ದು ನಿಲ್ಲಬೇಕು, ಎರಡು ಸಲ ಕುಟ್ಟಿದರೆ ಸುಮ್ಮನಾಗಬೇಕು. ಅದು ಕಾಯಿಲೆ ಎಂದು ನಮಗೆ ಗೊತ್ತಿರಲಿಲ್ಲ. ಆ ಸೆರಗಿನ ಹಿಂದೆ ಬಾಯಿಯೇ ಇಲ್ಲ ಎಂಬ ಸುದ್ದಿ ಹಬ್ಬಿತ್ತು. ಹಬ್ಬಿಸಿದವಳು ನಾನೇ.

ಆಗಲೇ ನನಗೆ ಕಥೆ ಬರೆಯುವ ಹುಚ್ಚು. ಒಂದು ದಿನ ಲೆಕ್ಕದ ಹೊತ್ತಿನಲ್ಲಿ ರಾಕ್ಷಸರ ಕಥೆ ಬರೆಯುತ್ತಿದ್ದಾಗ ಅಕ್ಕೋರು ಪಕ್ಕಕ್ಕೆ ಬಂದು ನಿಂತು ಕೈ ಚಾಚಿದರು. ಬೈಯಲಿಲ್ಲ, ನೋಟ್‌ಬುಕ್ ತೆಗೆದುಕೊಂಡು ಹೋದರು. ಮೂರು ದಿನವಾದರೂ ಕೊಡಲಿಲ್ಲ. ಹರಿದು ಒಲೆಗೆ ಹಾಕಿರಬೇಕು ಎಂದುಕೊಂಡೆ. ಅಷ್ಟು ಸಿಟ್ಟು ನನಗೆ ಆಮೇಲೆ ಯಾವತ್ತೂ ಬಂದಿಲ್ಲ. ನಾಲ್ಕನೇ ದಿನ ಬಿಡುವಿನ ಹೊತ್ತಿನಲ್ಲಿ ಶಾಲೆಯ ಪಕ್ಕದ ಚಹಾದಂಗಡಿಯಿಂದ ಡಬ್ಬಿಯ ಮುಚ್ಚಳದಲ್ಲಿ ಕೆಂಡ ತಂದೆ. ಅವ್ವ ತೊಟ್ಟು ಬಿಡಿಸಲು ಮನೆಗೆ ತಂದಿದ್ದ ಚೀಲದಿಂದ ಒಂದು ಹಿಡಿ ಮೆಣಸಿನಕಾಯಿ ಮೊದಲೇ ಲಂಗದ ಕಿಸೆಯಲ್ಲಿತ್ತು. ಅಕ್ಕೋರ ಕುರ್ಚಿಯ ಹಿಂದಿನ ಕಿಟಕಿಯ ಕೆಳಗೆ ಮುಚ್ಚಳ ಇಟ್ಟು, ಗಂಟೆಯಾಗುತ್ತಲೇ ಕಾಯಿಗಳನ್ನು ಕೆಂಡಕ್ಕೆ ಹಾಕಿ ಒಳಗೆ ಬಂದು ಕೂತೆ. ಅವರು ಸೆರಗು ಜಾರಿಸಿಕೊಂಡು ಹೊರಗೆ ಓಡಬೇಕು, ಎಲ್ಲರೂ ಆ ಮುಖ ನೋಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ…

ಅವರು ಓಡಲಿಲ್ಲ. ಹೊಗೆ ಒಳಗೆ ನುಗ್ಗಿದ ಕೂಡಲೇ ಅಳತೆಪಟ್ಟಿ ಕುಟ್ಟಿದರು. ಮೊದಲ ಸಾಲು ಎದ್ದು ಹೊರಗೆ ಹೋಯಿತು. ಮತ್ತೆ ಕುಟ್ಟಿದರು, ಎರಡನೇ ಸಾಲು. ಹೀಗೆ ಕೊನೆಯ ಸಾಲಿನವರೆಗೂ ನಿಂತು, ನಮ್ಮನ್ನೆಲ್ಲ ಕಳಿಸಿ, ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕುಸಿದರು. ಸೆರಗು ಜಾರಿತು. ನಮ್ಮ ಮನೆಯ ಯಾವ ಹೆಂಗಸಿನದೂ ಆಗಿರಬಹುದಾದ ಮುಖ. ತುಟಿ ಮಾತ್ರ ನೀಲಿಯಾಗಿತ್ತು.

ಹೆಡ್‌ಮಾಸ್ತರರು ಟೆಂಪೋ ಒಂದನ್ನು ನಿಲ್ಲಿಸಿ ಹಾವೇರಿಯ ದವಾಖಾನೆಗೆ ಕರೆದೊಯ್ದರು. ಹೊಗೆ ಇಳಿದ ಮೇಲೆ ಪಾಟಿಚೀಲ ತರಲು ಒಳಗೆ ಹೋದೆ. ಮೇಜಿನ ಮೇಲೆ ನನ್ನ ನೋಟ್‌ಬುಕ್ ಇತ್ತು. ಪ್ರತಿ ಪುಟದಲ್ಲೂ ತಪ್ಪಾಗಿದ್ದ ಒತ್ತಕ್ಷರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಕೊನೆಯಲ್ಲಿ ಒಂದು ಸಾಲು: ಮುಂದೇನಾಯಿತು? ಬರೆದು ತೋರಿಸು.

ಹದಿನೈದು ದಿನದ ಮೇಲೆ ಅಕ್ಕೋರು ತಮ್ಮ ಸಾಮಾನು ಒಯ್ಯಲು ಬಂದರು. ವರ್ಗ ಆಗಿತ್ತು, ರಾಣೆಬೆನ್ನೂರಿನ ಆಚೆ ಮೇಡ್ಲೇರಿಗೆ. ಹೊಳೆಯ ಗಾಳಿ ಅವರಿಗೆ ಒಳ್ಳೆಯದೆಂದು ಯಾರೋ ಹೇಳಿದರು. ಹೆಡ್‌ಮಾಸ್ತರರು ಅವರೆದುರಿಗೇ ನಮ್ಮನ್ನು ನಿಲ್ಲಿಸಿ ಯಾರು ಮಾಡಿದ್ದು ಎಂದು ಕೇಳಿದರು. ಅಕ್ಕೋರು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಹೊರಗಿಂದ ಹೊಗಿ ಬಂತ್ರಿ ಸರ್. ಹುಡುಗ್ರನ್ನ ಯಾಕ ಕೇಳ್ತೀರಿ?"

ಮುಂದೆ ನಾನು ರಾಣೆಬೆನ್ನೂರಿನಲ್ಲಿ ಕಾಲೇಜು ಓದಿದೆ. ಬಸ್ ನಿಲ್ದಾಣದಲ್ಲಿ ಮೇಡ್ಲೇರಿಯ ಬೋರ್ಡು ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದೆ. ಒಮ್ಮೆ ಹತ್ತಿ ಕೂತು, ಕಂಡಕ್ಟರ್ ಬರುವ ಮೊದಲೇ ಇಳಿದೆ. ನಂತರ ಊರು, ನೌಕರಿ, ಸಂಸಾರ… ಅಕ್ಕೋರನ್ನು ರಾಣಿಯಾಗಿ ಮಾಡಿ ಕಥೆಯೊಳಗೆ ಕೂರಿಸಿದೆ. ಐದನೇ ಪುಸ್ತಕದಲ್ಲಿ ವೈರಿ ಸೈನಿಕರು ಹೊಗೆ ಹಾಕಿ ರಾಣಿಯನ್ನು ಕೊಲ್ಲುತ್ತಾರೆ. ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದು ಆ ಪುಸ್ತಕವೇ.

ಪಕ್ಕದ ಮನೆಯ ಘಾಟು ಮೂಗಿಗೆ ಬಡಿದ ಮೂರನೇ ದಿನಕ್ಕೆ ಮೇಡ್ಲೇರಿಗೆ ಹೋದೆ. ಶಾಲೆಯ ಹತ್ತಿರ ವಿಚಾರಿಸಿದರೆ ಮನೆ ತೋರಿಸಿದರು. ಬಾಗಿಲು ತೆರೆದಾಕೆ ಅಕ್ಕೋರ ತಂಗಿಯ ಮಗಳು. ಕೊನೆಯ ತನಕ ಅವರನ್ನು ನೋಡಿಕೊಂಡವಳು. ಅಕ್ಕೋರು ತೀರಿಕೊಂಡು ವರ್ಷವಾಗಿತ್ತು. ನಾನು ಯಾರೆಂದು ಹೇಳಿದಾಗ ಆಕೆ ಸಂಭ್ರಮದಿಂದ ಒಳಗೆ ಕರೆದು ಕೂರಿಸಿದಳು. ಕಪಾಟಿನಲ್ಲಿ ನನ್ನ ಐದೂ ಪುಸ್ತಕಗಳಿದ್ದವು. ಅಕ್ಕೋರಿಗೆ ಕಣ್ಣು ಮಂಜಾದ ಮೇಲೆ ಆಕೆಯೇ ದಿನಾ ಒಂದಿಷ್ಟು ಓದಿ ಹೇಳುತ್ತಿದ್ದಳಂತೆ. ರಾಣಿ ತಾನೇ ಎಂದು ಅವರಿಗೆ ಮೊದಲ ಪುಸ್ತಕದಲ್ಲೇ ಗೊತ್ತಾಗಿತ್ತಂತೆ, ನಗುತ್ತಲೇ ಕೇಳುತ್ತಿದ್ದರಂತೆ.

ಐದನೆಯದಕ್ಕೆ ಏನಂದರು ಎಂದು ಕೇಳಿದೆ.

"ಸೈನಿಕರು ಹೊಗಿ ಹಾಕಿದ್ದು ಬಂದಾಗ ನಿಲ್ಲಸು ಅಂದ್ರು ರೀ. 'ಹೊಗಿ ಹಾಕಿದ್ದು ಸೈನಿಕರಲ್ಲ ಬಿಡವಾ. ಆ ಹುಡುಗಿ ತನ್ನ ಕಥಿಯೊಳಗ ತಾನ ಇನ್ನೂ ಬಂದಿಲ್ಲ ನೋಡು' ಅಂದ್ರು. ಆರನೇದು ಬಂತೇನು ಅಂತ ಆಗಾಗ ಕೇಳತಿದ್ರು. ಯಾವ ಹುಡುಗಿ ಅಂತ ನನಗ ತಿಳೀಲಿಲ್ರಿ."

ಯಾವ ಹುಡುಗಿ ಎಂದು ಹೇಳಿದೆ. ಕೆಂಡ, ಮುಚ್ಚಳ, ಕಿಟಕಿ, ಎಲ್ಲವನ್ನೂ ಹೇಳಿದೆ. ಆಕೆ ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದು ನನ್ನ ಮುಂದೆ ಇಟ್ಟಳು. ಮತ್ತೆ ಕೂರಲಿಲ್ಲ.

ಅಂದಿನಿಂದ ಆರನೇ ಪುಸ್ತಕದ ಮೊದಲ ಅಧ್ಯಾಯವನ್ನು ಬರೆಯುತ್ತಿದ್ದೇನೆ, ಹೊಡೆದು ಹಾಕುತ್ತಿದ್ದೇನೆ. ಮೊನ್ನೆ ಹಾವೇರಿಯ ಒಂದು ಶಾಲೆಗೆ ಕರೆದಿದ್ದರು. ಮುಸುಕಿನ ರಾಣಿ ಖರೇನ ಇದ್ದರೇನು ಎಂದು ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು. ಇದ್ದರು ಎಂದೆ. ಹೊಗೆ ಹಾಕಿದವಳು ಯಾರು ಎನ್ನುವುದನ್ನೂ ಹೇಳಿದೆ. ಶಾಲೆಯ ಶಿಕ್ಷಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಕೂರಲಿಲ್ಲ.

"ತಪ್ಪಾತ್ರಿ ಅಂತ ಹೇಳಿದ್ರೇನ್ರಿ ಅವರಿಗೆ?"

"ಇಲ್ಲವ್ವಾ. ನಾ ಹೋಗೂದ್ರಾಗ ಅವರು ತೀರಿಕೊಂಡಿದ್ರು."

ಆಕೆ ಕೂತಳು.